ಪ್ರಾಚಿಯ ಶಹಾಬಾದಿ ಗೋಡೆ

ಪ್ರಾಚಿ ಬಾಗಿಲು ತಳ್ಳಿ ಒಳಗೆ ಬಂದಾಗ ನಾನು ಏಣಿಯ ಮೇಲಿದ್ದೆ, ಬಾಯಲ್ಲಿ ಪೆನ್ಸಿಲ್ಲಿತ್ತು. ಹಾಗಾಗಿ ಮೊದಲ ಸುಳ್ಳನ್ನು ನಾನು ಹೇಳಲಿಲ್ಲ. ಸುಮ್ಮನಿದ್ದೆ, ಅಷ್ಟೇ.

"ದಾದಾ, ಹೀಚ ಭಿಂತ ನಾ?" ಎಂದು ಮರಾಠಿಯಲ್ಲಿ ಕೇಳಿದಳು. ಇದೇ ಗೋಡೆ ತಾನೇ ಅಂತ. ನಾನು ಗೋಣು ಹಾಕಿದೆ.

ಧಾಯರಿಯ ಹೊಸ ಕಟ್ಟಡ, ಏಳನೇ ಮಹಡಿ. ಫ್ಲ್ಯಾಟು ಅವಳದೇ, ಅವಳ ಸಂಬಳದ್ದು. ಹಾಲ್‌ನ ನಾಲ್ಕು ಗೋಡೆಗಳಲ್ಲಿ ಮೂರಕ್ಕೆ ಬಣ್ಣ ಆಗಿತ್ತು. ನಾಲ್ಕನೆಯದು, ಸೋಫಾ ಹಿಂದೆ ಬರುವುದು, ಬೇರೆಯಾಗಿ ಎದ್ದು ಕಾಣಬೇಕಂತೆ. ಇಂಟೀರಿಯರ್ ಡಿಸೈನರ್ ಸ್ವಪ್ನಿಲ್ ಅದಕ್ಕೆ ಅಕ್ಸೆಂಟ್ ವಾಲ್ ಎನ್ನುತ್ತಿದ್ದ. ಅದಕ್ಕೆ ಏನು ಹಚ್ಚಬೇಕೆಂದು ಇನ್ನೂ ನಿಶ್ಚಯವಾಗಿರಲಿಲ್ಲ. ಅಳತೆಗೆ, ಕಲ್ಲು-ಟೈಲು ಹಚ್ಚುವ ನನ್ನನ್ನು ಕಳಿಸಿದ್ದ.

ಅವಳ ಹಿಂದೆಯೇ ಅವಳ ತಾಯಿ ಇಂದೂತಾಯಿ ಬಂದರು. ನನ್ನ ಚೀಲದೊಳಗೆ ಇಣುಕಿದರು, ನನ್ನ ಚಪ್ಪಲಿ ನೋಡಿದರು, ಆಮೇಲೆ ಮಗಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

"ಇವನ ಮ್ಯಾಲ ಒಂದ್ ಕಣ್ಣ ಇರ್ಲಿ ಪ್ರಾಚಿ. ಇಂಥವ್ರು ಚಲೋ ಮಾಲ ಎತ್ತಿಟ್ಟು ಒಡದದ್ದು ಹಚ್ಚಿ ಹೋಗ್ತಾರ."

ಹದಿನಾಲ್ಕು ಅಡಿ ಎರಡು ಇಂಚು. ಬರೆದುಕೊಂಡೆ. ಎತ್ತರ ಒಂಬತ್ತು ಅಡಿ ಮೂರು ಇಂಚು. ಅದನ್ನೂ ಬರೆದುಕೊಂಡೆ. ಪೆನ್ಸಿಲ್ಲಿನ ಮೊನೆ ಮುರಿಯಿತು.

"ಸುಮ್ನಿರ ಆಯಿ," ಅಂದಳು ಪ್ರಾಚಿ. "ಅವ್ರು ಎಳದ ಗೆರಿ ನೋಡು. ನಿನ್ನ ರಂಗೋಲಿಕಿಂತ ನೆಟ್ಟಗ ಅದ."

"ಗೆರಿ ನೆಟ್ಟಗಿದ್ರ ಮನಷಾ ನೆಟ್ಟಗಿರ್ತಾನೇನ?"

"ಕೈ ಸೈತ ಛಂದ ಅದಾವ," ಎಂದು ನಕ್ಕಳು. ಕೋಣೆಯಲ್ಲಿ ಮೂರನೆಯವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯದ ನಗು ಅದು.

ಏಣಿ ಇಳಿದ ಮೇಲೆ ನನ್ನ ಕೈ ನಾನೇ ನೋಡಿಕೊಂಡೆ. ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ಛಂದವೇನೂ ಕಾಣಲಿಲ್ಲ.

ನನ್ನ ಹೆಸರು ಶಿವಪುತ್ರಪ್ಪ. ಊರು ಸೇಡಂ ಕಡೆ. ಪುಣೆಯ ಸೈಟುಗಳಲ್ಲಿ ಶಿವಾ ಅನ್ನುತ್ತಾರೆ, ಮರಾಠಿ ನಾಲಿಗೆಗೆ ಅಷ್ಟೇ ಸಾಕು. ಇಂದೂತಾಯಿ ಆ ಮಾತು ಆಡದೇ ಇದ್ದಿದ್ದರೆ ನಾನು ಏಣಿಯ ಮೇಲಿಂದಲೇ ನಮಸ್ಕಾರ್ರಿ ಅಂದಿರುತ್ತಿದ್ದೆ. ಅವರು ಧಾರವಾಡದ ಕಡೆಯವರು ಎಂಬುದು ಎರಡು ಮಾತಿಗೇ ತಿಳಿದುಹೋಗಿತ್ತು. ಆದರೆ ಆ ಮಾತು ಕೇಳಿದ ಮೇಲೆ ಕನ್ನಡ ಗಂಟಲಲ್ಲೇ ಕೂತಿತು.

ನನಗೆ ಸಿಟ್ಟು ಬಂದರೆ ಜಾಗ ಬಿಡುತ್ತೇನೆ. ಎಂಟನೇ ಕ್ಲಾಸು ಹಾಗೆ ಬಿಟ್ಟೆ. ರಾಂಜಣಗಾಂವದ ಫ್ಯಾಕ್ಟರಿ ಹಾಗೆ ಬಿಟ್ಟೆ. ಈ ಮನೆಯನ್ನೂ ಬಿಡಬೇಕಿತ್ತು. ತಾಯಿಯ ಮಾತಿಗೆ ಬಿಟ್ಟೇ ಬಿಡುತ್ತಿದ್ದೆ. ಮಗಳ ಮಾತಿಗೆ ನಿಂತೆ.

ಪುಣೆಯ ಕನ್ನಡದವರಿಗೆ ಕನ್ನಡವೆಂದರೆ ಒಳಕೋಣೆ. ಅಂಗಡಿ, ಆಫೀಸು, ಲಿಫ್ಟು ಎಲ್ಲ ಮರಾಠಿ. ನಾಲ್ಕು ಜನರ ನಡುವೆ ಗುಟ್ಟು ಆಡಬೇಕಾದರೆ ಬಾಗಿಲು ಹಾಕಬೇಕಿಲ್ಲ, ಕನ್ನಡಕ್ಕೆ ಹೊರಳಿದರೆ ಸಾಕು. ಆ ಕೋಣೆಯಲ್ಲಿ ನಾನು ಕೂತಿದ್ದೆ. ಅವರಿಗೆ ಗೊತ್ತಿರಲಿಲ್ಲ.

*

ಭಾನುವಾರ ಕಾತ್ರಜ್-ಕೊಂಢವಾ ರಸ್ತೆಗೆ ಮಾಲು ಆರಿಸಲು ಹೋದೆವು. ಪ್ರಾಚಿ, ಇಂದೂತಾಯಿ, ಸ್ವಪ್ನಿಲ್, ಎತ್ತಿ ಇಳಿಸಲಿಕ್ಕೆ ನಾನು.

ಸ್ವಪ್ನಿಲ್‌ನ ಲ್ಯಾಪ್‌ಟಾಪಿನಲ್ಲಿ ಗೋಡೆ ಆಗಲೇ ಮುಗಿದಿತ್ತು. ಕಪ್ಪು ಪಟ್ಟಿ ಪಟ್ಟಿಯ ಪ್ಯಾನೆಲ್ಲು, ಮೇಲಿಂದ ಹಳದಿ ಲೈಟು, ಸೋಫಾ ಮೇಲೆ ಯಾರೋ ಒಬ್ಬ ಫಾರಿನ್ ಹೆಂಗಸು. ಅಂಗಡಿಯಲ್ಲಿ ಅದೇ ಪ್ಯಾನೆಲ್ಲನ್ನು ಗೋಡೆಗೆ ನಿಲ್ಲಿಸಿದ್ದರು. ಪ್ರಾಚಿ ಅದರ ಮೇಲೆ ಬೆರಳುಗಳ ಹಿಂಬದಿ ಆಡಿಸಿದಳು, ಜ್ವರ ನೋಡುವ ಹಾಗೆ.

"ಇದು ಪ್ಲಾಸ್ಟಿಕ್ ಅಲ್ಲವಾ?" ಎಂದು ಮರಾಠಿಯಲ್ಲಿ ಕೇಳಿದಳು.

"ಪಾಲಿಮರ್, ಮ್ಯಾಡಮ್."

ಅವಳು ತಾಯಿಯ ಕಡೆ ಬಾಗಿದಳು. "ಪ್ಲಾಸ್ಟಿಕ್ಕ ಕಾಲೇಜಿಗೆ ಹೋಗಿ ಬಂದದ, ಆಯಿ."

ನಗು ಮೂಗಿನವರೆಗೆ ಬಂತು. ಕೆಮ್ಮಿ ನುಂಗಿದೆ. ಅವಳು ಸಟ್ಟನೆ ತಿರುಗಿ ನನ್ನನ್ನು ನೋಡಿದಳು. ಒಂದು ಹುಬ್ಬು ಮಾತ್ರ ಮೇಲೆ ಹೋಗಿತ್ತು, ಇನ್ನೊಂದು ಇದ್ದಲ್ಲೇ ಇತ್ತು. ಹಾಗೆ ಒಂದೇ ಹುಬ್ಬು ಎತ್ತಲು ಎಲ್ಲರಿಗೂ ಬರುವುದಿಲ್ಲ.

"ಧೂಳು," ಎಂದೆ ಮರಾಠಿಯಲ್ಲಿ.

ಇಂದೂತಾಯಿಗೆ ಬಿಳಿ ಮಾರ್ಬಲ್‌ನಂತೆ ಕಾಣುವ, ಹಿತ್ತಾಳೆ ಪಟ್ಟಿಯ ಶೀಟು ಬೇಕಿತ್ತು. "ಲಗ್ನದ ಮಾತಾಡ್ಲಿಕ್ಕೆ ರಾಜೀವನ ಮನಿಯವ್ರು ಬರೂದ್ರಾಗ ಆದ್ರ ಭಾಳ ಛಲೋ. ಸೋಫಾ ಹಿಂದ ಝಗಝಗ ಅಂತದ."

"ಬಿಳೇದ ನೋಡಿದ್ರ ನನಗ ತಲಿ ನೋಯ್ತದ ಆಯಿ. ದವಾಖಾನಿ ನೆನಪಾಗ್ತದ."

"ಮತ್ತೇನ್ ಬೇಕವಾ ನಿನಗ?"

"ಕೈ ಇಟ್ರ ತಣ್ಣಗಿರಬೇಕು. ಖರೇ ಇರಬೇಕು. ಅಷ್ಟ."

ನಾನು ಅಂಗಡಿಯ ಹಿಂದಿನ ಯಾರ್ಡಿಗೆ ಹೋದೆ. ಅಲ್ಲಿ ಶಹಾಬಾದಿ ಕಲ್ಲು ಒಟ್ಟಿದ್ದರು. ಪಾಲಿಶ್ ಮಾಡಿದ್ದಲ್ಲ, ಪದರು ಪದರಾಗಿ ಒಡೆದು ಬಿಟ್ಟದ್ದು. ಒಂದು ತುಂಡು ತಂದು ಅವಳ ಮುಂದೆ ಇಟ್ಟು ಬಾಟಲಿಯ ನೀರು ಸುರಿದೆ. ಒಣಗಿದಾಗ ಬೂದಿಯಂತಿದ್ದ ಕಲ್ಲು ಒದ್ದೆಯಾದ ಕೂಡಲೇ ಹಸಿರಿಗೆ ತಿರುಗಿತು, ಅಂಚಿನಲ್ಲಿ ಹಳದಿ ಗೀರು ಎದ್ದಿತು. ಸೀಲರ್ ಹಚ್ಚಿದರೆ ಈ ಬಣ್ಣ ಹೀಗೇ ನಿಲ್ಲುತ್ತದೆ, ಬಿಳಿಯ ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದೆ.

ಅವಳು ಕಲ್ಲನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ಬಿಳಿ ನನಗಾಗದು ಅಂತ ನಿಮಗೆ ಹೇಗೆ ಗೊತ್ತಾಯಿತು?"

"ಮುಖ ನೋಡಿದರೆ ಗೊತ್ತಾಗುತ್ತದೆ."

ಧೂಳಿನದನ್ನು ಬಿಟ್ಟರೆ ಬಾಯಿ ಬಿಟ್ಟು ಹೇಳಿದ ಮೊದಲ ಸುಳ್ಳು ಇದು. ಹೇಳುವಾಗ ಎದೆಯೊಳಗೆ ಹಿತವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಸ್ವಪ್ನಿಲ್ ನಕ್ಕ. "ಶಹಾಬಾದಿ? ಲಿವಿಂಗ್ ರೂಮಿಗೆ? ಅದು ಬಾತ್‌ರೂಮಿಗೆ, ಪಾತ್ರೆ ತೊಳೆಯುವ ಕಟ್ಟೆಗೆ ಹಾಕುವುದು, ಮ್ಯಾಡಮ್."

ನಮ್ಮಪ್ಪ ಇಪ್ಪತ್ತೆರಡು ವರ್ಷ ಗಣಿಯಲ್ಲಿ ಆ ಕಲ್ಲು ಎಬ್ಬಿಸಿದವನು. ಈ ಊರಿನ ಅರ್ಧ ಟೆರೇಸು ನಮ್ಮ ಕಡೆಯ ನೆಲದಿಂದ ಎದ್ದು ಬಂದದ್ದು. ಅದರ ಮೇಲೆ ನಿಂತು ಅದನ್ನೇ ನೋಡಿ ನಗುತ್ತಾರೆ. ನಾನು ಬಾಟಲಿಯ ಮುಚ್ಚಳ ಹಾಕಿದೆ.

ಪ್ರಾಚಿ ಒದ್ದೆ ಕಲ್ಲಿನ ಮೇಲೆ ಅಂಗೈ ಪೂರ್ತಿ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಇದೇ," ಅಂದಳು.

*

ನನ್ನ ಕೆಲಸದ ರೀತಿ ಒಂದಿದೆ. ಗೋಡೆಗೆ ಹಚ್ಚುವ ಮೊದಲು ಇಡೀ ಗೋಡೆಯನ್ನು ನೆಲದ ಮೇಲೆ ಮಲಗಿಸುತ್ತೇನೆ. ಎರಡಿಂಚು, ಮೂರಿಂಚು, ನಾಲ್ಕಿಂಚಿನ ಪಟ್ಟಿಗಳು. ಒಂದೊಂದನ್ನೂ ತಿರುಗಿಸಿ, ಗೆಣ್ಣಿನಿಂದ ಬಡಿದು, ಕಿವಿಗೆ ಹಿಡಿದು ನೋಡುತ್ತೇನೆ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಒಳಗೆ ಬಿರುಕಿದ್ದದ್ದು ದಬ್ ಎನ್ನುತ್ತದೆ. ಯಾವ ಮುಖ ಹೊರಗೆ ಬರಬೇಕು, ಯಾವುದರ ಪಕ್ಕ ಯಾವುದು, ಎಲ್ಲ ನೆಲದ ಮೇಲೆಯೇ ನಿಶ್ಚಯವಾಗಬೇಕು. ಸ್ವಪ್ನಿಲ್‌ಗೆ ಇದು ಟೈಂ ವೇಸ್ಟು. ಮೂರು ದಿನ ಹಿಡಿಯುತ್ತದೆ, ಹಿಡಿಯಲಿ.

"ಕಾವಲಿಗೆ ಯಾರರೆ ಇರಬೇಕು" ಎಂದು ಇಂದೂತಾಯಿ ಹಟ ಹಿಡಿದಿದ್ದರಿಂದ ಪ್ರಾಚಿ ವರ್ಕ್ ಫ್ರಮ್ ಹೋಮ್ ತೆಗೆದುಕೊಂಡು ಫ್ಲ್ಯಾಟಿಗೇ ಬಂದು ಕೂಡತೊಡಗಿದಳು. ಬಾಲ್ಕನಿಯ ಹೊಸ್ತಿಲ ಮೇಲೆ ಅವಳು, ತೊಡೆಯ ಮೇಲೆ ಲ್ಯಾಪ್‌ಟಾಪು. ಹಾಲ್‌ನ ನಡುವೆ ನಾನು, ನನ್ನ ಸುತ್ತ ಅವಳ ಗೋಡೆ. ವಿಮಾ ಕಂಪನಿಯಲ್ಲಿ ಕ್ಲೇಮು ನೋಡುವ ಕೆಲಸ ಅವಳದು. ಯಾರು ಖರೆ, ಯಾರು ಸುಳ್ಳು ಎಂದು ಹುಡುಕುವುದು.

ಅವಳಿಗೆ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಅಭ್ಯಾಸವಿತ್ತು, ಅದೂ ಕನ್ನಡದಲ್ಲಿ.

"ಈ ಹಳದಿ ಗೀರಿಂದು ಭಾಳ ಛಂದ ಅದ," ಎಂದು ಮಂಗಳವಾರ ಒಂದು ತುಂಡನ್ನು ಕಾಲ್ಬೆರಳಿನಿಂದ ಮುಟ್ಟಿದಳು. "ನಾ ಕೂಡೋ ಕಡೆ ಬಂದ್ರ ದಿನಾ ನೋಡಬಹುದಿತ್ತು."

ಬುಧವಾರ ಆ ತುಂಡು ಸೋಫಾದ ಎಡಕ್ಕೆ, ಕೂತವರ ಕಣ್ಣಿನ ಎತ್ತರಕ್ಕೆ ಬರುವಲ್ಲಿ ಇತ್ತು.

ಅವಳು ನಿಂತು ನೋಡಿದಳು. ಕೆಳಗೆ ಕುಕ್ಕರುಗಾಲಲ್ಲಿ ಕೂತಳು. ಅವಳ ಮುಖ ನನ್ನ ಮುಖದ ಮಟ್ಟಕ್ಕೆ ಬಂತು. ಎಡ ಕೆನ್ನೆಯ ಮೇಲೆ ಕಲ್ಲಿನ ಪುಡಿ ಹತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

"ಇದನ್ನು ಇಲ್ಲಿ ಯಾಕೆ ಇಟ್ಟಿರಿ?"

"ಕಲ್ಲೇ ಹೇಳುತ್ತದೆ, ತನ್ನ ಜಾಗ ಯಾವುದು ಅಂತ."

"ಕಲ್ಲು ಮರಾಠಿ ಮಾತಾಡುತ್ತದಾ?"

"ಕಲ್ಲಿಗೆ ಭಾಷೆ ಎಲ್ಲಿಯದು?"

ಅವಳು ನಗಲಿಲ್ಲ. ನನ್ನ ಎರಡೂ ಕಣ್ಣುಗಳನ್ನು ಒಂದಾದ ಮೇಲೊಂದು ನೋಡಿದಳು, ಯಾವುದರಲ್ಲಿ ಉತ್ತರವಿದೆ ಎಂದು ಹುಡುಕುವ ಹಾಗೆ. ನಾನು ಮುಂದಿನ ಕಲ್ಲು ಎತ್ತಿ ಬಡಿದೆ. ಠಣ್ ಎಂದಿತೋ ದಬ್ ಎಂದಿತೋ ಈಗ ನೆನಪಿಲ್ಲ.

ಗುರುವಾರ ಮಧ್ಯಾಹ್ನ ಅವಳ ಗೆಳತಿ ದೀಪಾಲಿಯ ಫೋನು ಬಂತು. ಪ್ರಾಚಿ ಎದ್ದು ಬಾಲ್ಕನಿಗೆ ಹೋಗಲಿಲ್ಲ. ಯಾಕೆ ಹೋಗಬೇಕು?

"ಇಲ್ಲೇ ಕೂತಾನ ಲೇ, ಎದುರಿಗೆ. ಇಲ್ಲ ಇಲ್ಲ, ಅವಂಗ ಕನ್ನಡ ಬರೂದಿಲ್ಲ. ದೌಂಡದವ ಅಂತ."

ಯಾವ ಊರು ಎಂದು ಕೇಳಿದಾಗ ದೌಂಡ ಎಂದಿದ್ದೆ. ಮನೆ ಬಿಟ್ಟು ಬಂದಾಗ ರೈಲು ಇಳಿದ ಮೊದಲ ಊರು ಅದು.

"ಅಂವ ಕಲ್ಲ ನೋಡ್ತಾನಲ್ಲ ದೀಪಿ, ತಿರುವಿ, ಬಡದು, ಕಿವಿ ಹಚ್ಚಿ... ನನ್ನ ಯಾರೂ ಹಂಗ ನೋಡಿಲ್ಲ. ರಾಜೀವ ಎರಡ ಸಲ ಬಂದಾನ. ಎರಡೂ ಸಲ ಟಿವಿ ಎಲ್ಲಿ ಬರ್ತದ ಅಂತನ ಕೇಳ್ಯಾನ." ನಕ್ಕಳು. ಆಮೇಲೆ ದನಿ ಇಳಿಯಿತು. "ನಗಬ್ಯಾಡ. ಹುಚ್ಚಿ ಅಲ್ಲ ನಾ. ಇವನ ಜೋಡಿ ಏನೋ ಆಗ್ತದ ಅಂತ ಹೇಳ್ತಿಲ್ಲ. ಹೇಳದೇನ ತಿಳಕೊಳ್ಳೋ ಮನಷಾ ಒಬ್ಬಾಂವ ಇರ್ತಾನ ಅಂತ ಗೊತ್ತಾತಲ್ಲ, ಇನ್ನ ರಾಜೀವಗ ಹೂಂ ಅನ್ನಾಕ ಬಾಯಿ ಬರವಲ್ದು. ಐತವಾರ ಅವರ ಮನಿಯವ್ರು ಬರ್ತಾರ. ಬ್ಯಾಡ ಅಂದುಬಿಡ್ತೀನಿ."

ಕೈಯಲ್ಲಿದ್ದ ಕಲ್ಲು ಜಾರಿ ಮೂಲೆ ಮುರಿಯಿತು.

"ಲಾಗ್ಲ ಕಾ?" ಎಂದು ಫೋನು ಎದೆಗೆ ಒತ್ತಿಕೊಂಡು ಕೇಳಿದಳು. ಪೆಟ್ಟಾಯಿತೇ ಎಂದು.

"ನಾಹೀ," ಎಂದೆ.

*

ಸಂಜೆ ಸ್ವಾರಗೇಟಿನ ಬಸ್ಸಿನಲ್ಲಿ ನಿಂತುಕೊಂಡು ಬಂದೆ. ಸೀಟು ಖಾಲಿ ಇತ್ತು.

ಸುಮ್ಮನಿದ್ದರೆ ಅವಳು ರಾಜೀವನಿಗೆ ಬೇಡ ಎನ್ನುತ್ತಾಳೆ. ನಾನು ಅವನನ್ನು ನೋಡಿರಲಿಲ್ಲ, ಆದರೂ ಅವನ ಮೇಲೆ ಸಿಟ್ಟಿತ್ತು. ಅವನು ಕಾರಿನಲ್ಲಿ ಬರುತ್ತಾನೆ, ಸೋಫಾದ ಮೇಲೆ ಕೂಡುತ್ತಾನೆ, ನನ್ನ ಗೋಡೆಗೆ ಮೊಳೆ ಹೊಡೆಯುತ್ತಾನೆ. ಬೇಡ ಎನ್ನಲಿ. ನನಗೇನು?

ಆದರೆ ಅವಳು ಬೇಡ ಎನ್ನುವುದು ಯಾರ ಸಲುವಾಗಿ? ಹೇಳದೇ ತಿಳಿದುಕೊಳ್ಳುವ ಮನುಷ್ಯ ಅಲ್ಲಿ ಇರಲೇ ಇಲ್ಲ. ಅವಳು ಹೇಳಿದ್ದಳು, ನಾನು ಕದ್ದು ಕೇಳಿದ್ದೆ. ಇಂದೂತಾಯಿ ಮೊದಲ ದಿನವೇ ನನ್ನನ್ನು ಕಳ್ಳ ಅಂದಿದ್ದರು. ಆ ಸಿಟ್ಟಿನಲ್ಲೇ ಒಂದೂ ಕಲ್ಲು ಕದಿಯದೆ ಬೇರೆಯದೆಲ್ಲ ಕದ್ದಿದ್ದೆ.

ಶುಕ್ರವಾರ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಕೆಳಗಿನಿಂದ ನಾಲ್ಕು ಅಡಿ ಗೋಡೆ ಎಬ್ಬಿಸಿದೆ. ಅವಳು ಎರಡು ಸಲ ಚಹಾ ಕೊಟ್ಟಳು. ಎರಡೂ ಸಲ ಕಪ್ಪಿನ ಹಿಡಿಕೆಯನ್ನು ನನ್ನತ್ತ ತಿರುಗಿಸಿ ಕೊಟ್ಟಳು, ತಾನು ಬಿಸಿ ಕಡೆ ಹಿಡಿದು.

ಶನಿವಾರ ಮಧ್ಯಾಹ್ನ ಬಕೆಟ್ಟಿನಲ್ಲಿ ಅಂಟು ಕಲಸಿದೆ. ಒಮ್ಮೆ ಕಲಸಿದರೆ ಅರ್ಧ ತಾಸಿನಲ್ಲಿ ಕಲ್ಲಾಗಿಬಿಡುತ್ತದೆ, ಅಷ್ಟರಲ್ಲಿ ಹಚ್ಚಿ ಮುಗಿಸಬೇಕು. ಹಳದಿ ಗೀರಿನ ತುಂಡು ಕೈಗೆ ಬಂತು. ಅದನ್ನು ಹಚ್ಚಿ, ಮಟ್ಟ ನೋಡಿ, ಗೋಡೆಯ ಕಡೆ ಮುಖವಿಟ್ಟುಕೊಂಡೇ ಹೇಳಿದೆ:

"ಈ ತುಂಡ ಇಲ್ಲಿ ಬೇಕಂತ ನೀವ ಹೇಳಿದ್ರಿ. ಮಂಗಳವಾರ."

ಹಿಂದೆ ಟೈಪ್ ಮಾಡುವ ಸಪ್ಪಳ ನಿಂತಿತು.

ಪಕ್ಕದ ಕಟ್ಟಡದಲ್ಲಿ ಡ್ರಿಲ್ ಓಡುತ್ತಿತ್ತು.

"ಕನ್ನಡ..." ಅಂದಳು.

"ಸೇಡಂ ಕಡಿಯಾಂವರಿ ನಾ. ದೌಂಡ ಅಂದದ್ದು ಸುಳ್ಳು. ಕಲ್ಲ ಹೇಳ್ತದ ಅಂದದ್ದೂ ಸುಳ್ಳು. ಬಿಳೇದ ಆಗಂಗಿಲ್ಲ ಅಂತ ನೀವು ನಿಮ್ಮವ್ವಗ ಹೇಳಿದ್ದು ಕೇಳ್ಸಿಕೊಂಡಿದ್ದೆ."

"ಎಷ್ಟ ಕೇಳ್ಸಿಕೊಂಡ್ರಿ?"

"ಎಲ್ಲಾ."

"ಫೋನಿಂದು?"

ನಾನು ತಿರುಗಿದೆ. ಅವಳು ನಿಂತಿದ್ದಳು. ಕೆಂಪಾಗಿದ್ದು ಮುಖ ಅಲ್ಲ, ಕಿವಿ.

"ಅದೂರಿ."

"ಹತ್ತ ದಿನ!" ದನಿ ಒಡೆಯಿತು. "ದಿನಾ ಸುಳ್ಳು ಹಿಡಿಯೂದ ನನ್ನ ಕೆಲಸ. ಎದುರಿಗೆ ಕೂತ ಸುಳ್ಳು ಕಾಣಲಿಲ್ಲ ನನಗ. ನಾ ಏನೇನ ಅಂದೆ... ಯಪ್ಪಾ. ಮಜಾ ಬಂತೇನ್ರಿ? ಮನಿಗೆ ಹೋಗಿ ನಕ್ರೇನು?"

"ಒಮ್ಮೆನೂ ನಕ್ಕಿಲ್ಲ."

"ಮತ್ತ ಬಾಯಿ ಬಿಡ್ಲಿಕ್ಕೆ ಏನಾಗಿತ್ತು?"

ಆಗ ನನಗೂ ಸಿಟ್ಟು ಬಂತು. "ಏನಾಗಿತ್ತ ಅಂದ್ರ? ಒಳಗ ಕಾಲಿಟ್ಟ ಕೂಡ್ಲೆ ನಿಮ್ಮವ್ವ ಏನಂದ್ರು? ಇಂಥವ್ರು ಅಂದ್ರು. ಇಂಥವ್ರು ಅಂದ್ರ ಎಂಥವ್ರ್ರಿ? ಅದನ್ನ ಕೇಳಿದ ಮ್ಯಾಲ ನಾ ಕೈ ಮುಗದು, ತಾಯಿ, ನಾನೂ ಕನ್ನಡದಾಂವ, ಸ್ವಲ್ಪ ಮರ್ಯಾದಿ ಕೊಡ್ರಿ ಅಂತ ಬೇಡಬೇಕಿತ್ತೇನು? ಮರಾಠಿಯಾಂವ ಇದ್ರ ಕಳ್ಳ, ಕನ್ನಡದಾಂವ ಇದ್ರ ಸಾವಕಾರೇನು?"

ಅವಳ ಕಣ್ಣು ಬಕೆಟ್ಟಿನ ಮೇಲೆ ಹೋಯಿತು.

"ಹಚ್ಚ್ರಿ," ಅಂದಳು. "ಒಣಗ್ಲಿಕ್ಕತ್ತದ ಅದು."

ಹಚ್ಚಿದೆ. ಏಳು ಕಲ್ಲು. ಅವಳು ನಿಂತೇ ಇದ್ದಳು. ನನ್ನ ಬೆನ್ನು ಸುಡುತ್ತಿತ್ತು. ಎಂಟನೆಯದಕ್ಕೆ ಅಂಟು ಸವರುತ್ತ ಹೇಳಿದೆ:

"ನಾಳಿ ಅವರು ಬರ್ತಾರ. ನೀವು ಹೂಂ ಅನ್ರಿ, ಬ್ಯಾಡ ಅನ್ರಿ. ಆದ್ರ ಹೇಳದೇನ ತಿಳಕೊಳ್ಳೋ ಮನಷಾನ ನೆನಸಿಕೊಂಡು ಅನಬ್ಯಾಡ್ರಿ. ಅಂಥಾಂವ ಇಲ್ಲ ಇಲ್ಲಿ. ನನಗ ಹೇಳಿದ್ರ ತಿಳೀತದ. ಹೇಳಲಿಲ್ಲಂದ್ರ ಏನೂ ತಿಳಿಯೂದಿಲ್ಲ."

ಅವಳು ಲ್ಯಾಪ್‌ಟಾಪು ಮಡಚಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತಳು.

"ಇದನ್ನ ಹೇಳದ ಇದ್ರ ನನಗ ಗೊತ್ತಾಗ್ತಿರಲಿಲ್ಲ," ಅಂದಳು.

"ಹೌದ್ರಿ. ಅದಕ್ಕ ಹೇಳಿದೆ."

ಅವಳು ಹೋದಳು. ಲಿಫ್ಟು ಇಳಿಯುವ ಸಪ್ಪಳ ಕೇಳಿತು. ಕತ್ತಲಾಗುವುದರೊಳಗೆ ಗೋಡೆ ಮುಗಿಸಿ ನೆಲ ಗುಡಿಸಿ ಬೀಗ ಹಾಕಿ ಕೀಲಿಯನ್ನು ವಾಚ್‌ಮನ್ ಕೈಗೆ ಕೊಟ್ಟೆ.

*

ಸೋಮವಾರ ಸೀಲರ್ ಹಚ್ಚುವುದು ಉಳಿದಿತ್ತು. ಬೇರೆಯವರನ್ನು ಕಳಿಸು ಎಂದು ಸ್ವಪ್ನಿಲ್‌ಗೆ ಹೇಳಿದೆ. "ಮ್ಯಾಡಮ್ ನಿನ್ನನ್ನೇ ಕಳಿಸು ಅಂದಿದ್ದಾರೆ," ಎಂದ. ಬೈಯಲಿಕ್ಕೆ ಇರಬೇಕು ಎಂದುಕೊಂಡೆ. ಹೋದೆ. ಬೈಸಿಕೊಳ್ಳುವುದು ಬಾಕಿ ಇತ್ತು.

ಬಾಗಿಲು ತೆರೆದದ್ದು ಇಂದೂತಾಯಿ. ನನ್ನನ್ನು ನೋಡಿ ಸೆರಗು ಸರಿ ಮಾಡಿಕೊಂಡರು. ಮರಾಠಿಯಲ್ಲಿ ಏನೋ ಹೇಳಲು ಹೋಗಿ ನಿಲ್ಲಿಸಿದರು.

"ಬರ್ರಿ," ಅಂದರು ಕೊನೆಗೆ. ಮತ್ತೆ ಸ್ವಲ್ಪ ತಡೆದು, "ನಮ್ಮ ಬಾಯಿ ಸ್ವಲ್ಪ ಹಂಗ ಅದರಿ. ಮನಸಿನ್ಯಾಗ ಇಟಗೋಬ್ಯಾಡ್ರಿ."

ಇಟ್ಟುಕೊಂಡಿದ್ದೇನೆ ಎನ್ನಬೇಕೆಂದಿದ್ದೆ. ಅವರ ಮುಖ ನೋಡಿ ಅನ್ನಲಿಲ್ಲ. ಅವರು ಅಡುಗೆಮನೆಗೆ ಹೋದರು. ನಳ ಬಿಟ್ಟು ಲೋಟ ತೊಳೆಯತೊಡಗಿದರು.

ಪ್ರಾಚಿ ಗೋಡೆಯ ಮುಂದೆ ನಿಂತಿದ್ದಳು. ಬಾಲ್ಕನಿಯಿಂದ ಬಿಸಿಲು ಅಡ್ಡಡ್ಡ ಬಿದ್ದು ಒಂದೊಂದು ಪದರಿಗೂ ನೆರಳು ಹುಟ್ಟಿತ್ತು. ಸ್ವಪ್ನಿಲ್‌ನ ಲ್ಯಾಪ್‌ಟಾಪಿನಲ್ಲಿ ಇದು ಬರುವುದಿಲ್ಲ.

"ರಾಜೀವಗ ಬ್ಯಾಡ ಅಂದೆ," ಅಂದಳು, ಗೋಡೆಗೆ ಹೇಳುವ ಹಾಗೆ. "ನಿಮ್ಮ ಸಲುವಾಗಿ ಅಲ್ಲ. ತಲಿಗೆ ಏರಿಸ್ಕೋಬ್ಯಾಡ್ರಿ."

"ಇಲ್ರಿ."

"ಈ ಕಲ್ಲ ಪೂರಾ ತಗಿಸಿ ಪ್ಯಾನೆಲ್ಲ ಹಚ್ಚೂಣು ಅಂದಾ. ಹಚ್ಚೂಣೇನು ಅಂತ ನನ್ನ ಕೇಳಲಿಲ್ಲ, ಹಚ್ಚೂಣು ಅಂತ ಅಂದಾ."

ನಾನು ಸೀಲರ್ ಡಬ್ಬಿ ಕೆಳಗಿಟ್ಟೆ. ಅವಳು ನನ್ನ ಕಡೆ ತಿರುಗಿದಳು. ಶನಿವಾರದ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆ ಒಂದು ಹುಬ್ಬು ಮೇಲೆ ಹೋಗಲೋ ಬೇಡವೋ ಎಂದು ನಿಂತಿತ್ತು.

"ನನಗ ಇನ್ನೂ ಸಿಟ್ಟ ಅದ," ಅಂದಳು.

"ನನಗೂ ಅದರಿ."

"ಛಲೋ ಆತು. ಕೂಡ್ರಿ." ತಾನು ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಳು. "ನಂದು ನಿಮಗ ಎಲ್ಲಾ ಗೊತ್ತದ. ತಲಿನೋವು, ನೌಕರಿ, ಮನಸಿನ್ಯಾಗಿಂದು. ನಿಮ್ಮದು ನನಗ ಒಂದೂ ಗೊತ್ತಿಲ್ಲ. ಇದು ನ್ಯಾಯ ಅಲ್ಲ. ಮಾತಾಡ್ರಿ."

"ಏನ್ ಮಾತಾಡ್ಲಿ?"

"ಏನರೆ. ಖರೇದು."

ನಾನು ಅವಳ ಎದುರು ಕೂತೆ. ನಡುವೆ ನೆಲದ ಎರಡು ಫರಸಿ ಕಲ್ಲಿನಷ್ಟು ಜಾಗ.

"ಪೂರಾ ಹೆಸರು ಶಿವಪುತ್ರಪ್ಪರಿ."

"ಅಷ್ಟುದ್ದ?" ತುಟಿಯ ಒಂದು ಬದಿ ನಕ್ಕಿತು. "ಮುಂದ?"

"ಎಂಟನೇತ್ತಾ ಬಿಟ್ಟೀನಿ. ಸಿಟ್ಟ ಭಾಳ. ಬ್ಯಾಂಕಿನ ಫಾರ್ಮ ತುಂಬಾಕ ಇನ್ನೂ ಇನ್ನೊಬ್ಬರನ್ನ ಕೇಳ್ತೀನಿ."

"ಮುಂದ?"

"ಮುಂದ..." ಅವಳು ಕಾಯ್ದಳು. ಕೈಕಟ್ಟಿ, ತಲೆ ಸ್ವಲ್ಪ ವಾಲಿಸಿ, ಕಿವಿಯನ್ನು ನನ್ನ ಕಡೆ ಕೊಟ್ಟು. ಹಾಗೆ ಯಾರೂ ನನ್ನ ಮಾತಿಗೆ ಕಾದು ಕೂತದ್ದು ನನಗೆ ನೆನಪಿಲ್ಲ.

ಅಡುಗೆಮನೆಯಲ್ಲಿ ನಳ ನಿಂತಿತು. ಲೋಟದ ಸಪ್ಪಳವೂ ನಿಂತಿತು. ಇಂದೂತಾಯಿ ಬಾಗಿಲ ಹಿಂದೆ ಉಸಿರು ಹಿಡಿದು ಕೇಳುತ್ತಿದ್ದರು.

ಪ್ರಾಚಿಗೂ ಗೊತ್ತಾಯಿತು. ಅಡುಗೆಮನೆಯ ಕಡೆ ಕಣ್ಣು ಹೊರಳಿಸಿ, ತುಟಿ ಕಚ್ಚಿ ನಗು ತಡೆದಳು. "ಸಾವಕಾಶ ಹೇಳ್ರಿ," ಎಂದು ಪಿಸುಗುಟ್ಟಿದಳು. "ಆಯಿ ಕೇಳ್ಲಿಕ್ಕತ್ತಾಳ."

ಕೇಳಲಿ ಎಂದು ದನಿ ಏರಿಸಿದೆ.

"ನನಗ ನೀವು ಬೇಕ್ರಿ, ಪ್ರಾಚಿ."